ಬೋಧಕೇತರರೆಂಬ ಬೋಧಕರು

ನಮ್ಮ ವಿದ್ಯಾಸಂಸ್ಥೆಗಳ ಕಾಗದಪತ್ರಗಳಲ್ಲಿ ನಿತ್ಯವೂ ಕಾಣಸಿಗುವ ‘ಬೋಧಕೇತರ ಸಿಬ್ಬಂದಿ’ ಎಂಬ ಮಾತನ್ನು ಒಂದು ಕ್ಷಣ ನಿಂತು ವಿಚಾರಿಸಿದವರು ವಿರಳವೆಂದು ತೋರುತ್ತದೆ. ಪುಸ್ತಕವನ್ನು ಹುಡುಕಿಕೊಡುವ ಗ್ರಂಥಪಾಲಕ, ಅರ್ಜಿಯ ತಪ್ಪನ್ನು ತೋರಿಸಿ ಸರಿಮಾಡಿಸುವ ಗುಮಾಸ್ತ, ಕಂಪ್ಯೂಟರು ಕೈಕೊಟ್ಟಾಗ ಒದಗಿಬರುವ ತಂತ್ರಜ್ಞ, ಯಾವ ವಿಷಯವನ್ನು ಮೊದಲು ತೆಗೆದುಕೊಂಡರೆ ಒಳಿತೆಂದು ತಿಳಿಯಹೇಳುವ ಸಲಹೆಗಾರ್ತಿ, ಇವರೆಲ್ಲರೂ ಏನು ಮಾಡುತ್ತಾರೆ ಎಂಬುದನ್ನು ಆ ಪದವು ಹೇಳುವುದಿಲ್ಲ. ಏನು ಮಾಡುವುದಿಲ್ಲ ಎಂಬುದನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ನಾಲ್ಕು ಗೋಡೆಗಳ ನಡುವೆ, ಕರಿಹಲಗೆಯ ಮುಂದೆ, ಗುರುಶಿಷ್ಯರು ಮುಖಾಮುಖಿಯಾಗಿ ಕುಳಿತು ಪಾಠ ನಡೆಯುತ್ತಿದ್ದ ಕಾಲದಲ್ಲಿ ಈ ವಿಂಗಡಣೆಯಿಂದ ದೊಡ್ಡ ಅನರ್ಥವೇನೂ ಒದಗಿರಲಿಲ್ಲವೇನೋ. ಆದರೆ ಪಾಠವು ಮನೆಯ ಮೂಲೆಗೆ, ಅಂಗೈಯಗಲದ ಫೋನಿಗೆ, ನಡುರಾತ್ರಿಯ ಬಿಡುವಿಗೆ ಬಂದು ಸೇರಿರುವ ಈ ದಿನಗಳಲ್ಲಿ, ಬೋಧನೆ ಎಲ್ಲಿ ಮುಗಿದು ಬೋಧನೆಗೆ ಹೊರತಾದುದು ಎಲ್ಲಿ ಆರಂಭವಾಗುತ್ತದೆಂದು ಗೆರೆ ಎಳೆದು ತೋರಿಸುವುದು ದುಸ್ಸಾಧ್ಯವಾಗಿದೆ. ಹೀಗಿದ್ದರೂ ಕಾಲೇಜುಗಳ ಸನ್ಮಾನಗಳೂ ಆಯವ್ಯಯಗಳೂ ಕಾಯಿದೆಗಳೂ ಆ ಹಳೆಯ ಗೆರೆಯನ್ನೇ ಹಿಡಿದು ನಡೆಯುತ್ತಿವೆ. ಆ ಗೆರೆಯನ್ನು ಹಾಗೆಯೇ ಉಳಿಸಿಕೊಂಡು ಸಲ್ಲಿಸುವ ಗೌರವವು ಎಷ್ಟೇ ಹೃತ್ಪೂರ್ವಕವಾಗಿರಲಿ, ಅಪೂರ್ಣವಾದುದೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದನ್ನು ಸಾಮಾನ್ಯ ತತ್ತ್ವವಾಗಿ ಹೇಳಿ ಬಿಡುವುದಕ್ಕಿಂತ ಒಂದು ನಿರ್ದಿಷ್ಟ ಸ್ಥಳದಲ್ಲಿಟ್ಟು ಪರೀಕ್ಷಿಸುವುದು ಲೇಸು. ಅದಕ್ಕಾಗಿ ನಾನು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಕಮ್ಯುನಿಟಿ ಕಾಲೇಜುಗಳನ್ನು ಆರಿಸಿಕೊಂಡಿದ್ದೇನೆ. ಕಮ್ಯುನಿಟಿ ಕಾಲೇಜು ಎಂಬುದು ಅಮೆರಿಕನ್ನರು ಪ್ರಪಂಚಕ್ಕೆ ಕೊಟ್ಟ ಉದಾತ್ತ ಸಂಸ್ಥೆಗಳಲ್ಲೊಂದು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದಲ್ಲಿ, ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ವಿಲಿಯಂ ರೇನಿ ಹಾರ್ಪರ್ ಮತ್ತು ಅಲ್ಲಿಯ ಪ್ರೌಢಶಾಲೆಯ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಇವರಿಬ್ಬರ ಆಲೋಚನೆಯಿಂದ, ಆರೇ ಆರು ವಿದ್ಯಾರ್ಥಿಗಳೊಡನೆ ಹುಟ್ಟಿದ ಕಾಲೇಜು ಇವುಗಳ ಮೂಲಪುರುಷ. 1947ರಲ್ಲಿ ಅಧ್ಯಕ್ಷ ಟ್ರೂಮನ್ನರು ನೇಮಿಸಿದ್ದ ಆಯೋಗವು ‘ಕಮ್ಯುನಿಟಿ ಕಾಲೇಜು’ ಎಂಬ ಹೆಸರನ್ನು ದೇಶದಲ್ಲೆಲ್ಲ ಬಳಕೆಗೆ ತಂದಿತು. ಇಂದು ಕ್ಯಾಲಿಫೋರ್ನಿಯ ಒಂದರಲ್ಲೇ ಇಂತಹ 116 ಕಾಲೇಜುಗಳಿವೆ, ಸುಮಾರು ಇಪ್ಪತ್ತು ಲಕ್ಷ ವಿದ್ಯಾರ್ಥಿಗಳಿದ್ದಾರೆ. ಪ್ರವೇಶಕ್ಕೆ ಅಂಕಗಳ ಅಡ್ಡಗೋಡೆಯಿಲ್ಲ. ರಾಜ್ಯದ ನಿವಾಸಿಯಾದವನು ಒಂದು ಯೂನಿಟ್ಟಿಗೆ 46 ಡಾಲರು ಶುಲ್ಕ ತೆತ್ತರೆ ಸಾಕು, ಬಡವನಾದರೆ ಅದಕ್ಕೂ ವಿನಾಯಿತಿಯುಂಟು. ಹದಿನೆಂಟರ ಹುಡುಗನ ಪಕ್ಕದಲ್ಲಿ ಐವತ್ತರ ತಾಯಿ, ಸೈನ್ಯದಿಂದ ಮರಳಿದವನ ಪಕ್ಕದಲ್ಲಿ ನಿನ್ನೆ ಮೊನ್ನೆ ಬೇರೊಂದು ದೇಶದಿಂದ ಬಂದಿಳಿದವಳು ಕುಳಿತು ಕಲಿಯತಕ್ಕ ಸ್ಥಳವಿದು.

ಮನೆಯಲ್ಲಿರುವವರ ಬಳಿಗೇ ಪಾಠವನ್ನು ಒಯ್ಯುವ ಯತ್ನವೂ ಈ ಕಾಲೇಜುಗಳಿಗೆ ಹೊಸದಲ್ಲ. 1956ರಲ್ಲಿಯೇ ಷಿಕಾಗೋ ನಗರದ ಜೂನಿಯರ್ ಕಾಲೇಜು ದೂರದರ್ಶನದ ಮೂಲಕ ಪಾಠ ಹೇಳಲಾರಂಭಿಸಿತ್ತು; 1976ರಲ್ಲಿ ಕ್ಯಾಲಿಫೋರ್ನಿಯದ ಆರೆಂಜ್ ಕೌಂಟಿಯಲ್ಲಿ, ತನ್ನದೆನ್ನುವ ಆವರಣವೇ ಇಲ್ಲದ ಕೋಸ್ಟ್‌ಲೈನ್ ಎಂಬ ಕಾಲೇಜು ಸ್ಥಾಪಿತವಾಯಿತು. ಅಂತರ್ಜಾಲ ಬಂದ ಮೇಲೆ ಈ ಹರಿವು ವಿಸ್ತಾರವಾಯಿತು. 2013ರಲ್ಲಿ ರಾಜ್ಯವು ಎಲ್ಲ ಕಾಲೇಜುಗಳ ಆನ್‌ಲೈನ್ ಶಿಕ್ಷಣವನ್ನು ಒಂದು ಸೂತ್ರಕ್ಕೆ ತರುವ ಕಾರ್ಯವನ್ನು ಫುಟ್‌ಹಿಲ್–ಡಿ ಆಂಝಾ ಕಾಲೇಜು ಜಿಲ್ಲೆಗೆ ವಹಿಸಿತು. 2020ರ ಮಾರ್ಚಿನಲ್ಲಿ ಮಹಾಮಾರಿಯು ಬಾಗಿಲುಗಳನ್ನು ಮುಚ್ಚಿಸಿದಾಗ ಉಳಿದ ಪಾಠಗಳೂ ಹೆಚ್ಚುಕಡಿಮೆ ಒಂದೆರಡು ವಾರಗಳಲ್ಲಿ ಪರದೆಗೆ ಏರಿದವು. ಮನೆಯಲ್ಲಿ ಸಂಪರ್ಕವಿಲ್ಲದ ವಿದ್ಯಾರ್ಥಿಗಳು ಕಾಲೇಜಿನ ವಾಹನ ನಿಲ್ದಾಣದಲ್ಲಿ ಕಾರುಗಳೊಳಗೆ ಕುಳಿತು, ಅಲ್ಲಿಗೆ ಹಾಯಿಸಿದ ವೈಫೈ ಹಿಡಿದು ಪಾಠ ಕೇಳಿದರು. ಹಾಗೆ ಹಾಯಿಸಿದವರು ಪ್ರಾಧ್ಯಾಪಕರಲ್ಲ. ಲ್ಯಾಪ್‌ಟಾಪುಗಳನ್ನು ಒರಸಿ, ಪಟ್ಟಿಮಾಡಿ, ಬಾಗಿಲ ಬಳಿ ಮೇಜು ಹಾಕಿಕೊಂಡು ವಿದ್ಯಾರ್ಥಿಗಳ ಕೈಗಿತ್ತವರೂ ಪ್ರಾಧ್ಯಾಪಕರಲ್ಲ.

ಆನ್‌ಲೈನ್ ವಿದ್ಯಾರ್ಥಿಗೆ ಸಹಾಯವೆಂದರೆ ಏನೆಂಬುದನ್ನು ಮನಸ್ಸಿಗೆ ತಂದುಕೊಳ್ಳಲು ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ಫ್ರೆಸ್ನೋ ಸುತ್ತಮುತ್ತಲ ಒಂದು ಊರಿನಲ್ಲಿ, ಹಣ್ಣಿನ ತೋಟದ ಕೂಲಿಗಳ ಮನೆಯಲ್ಲಿ ಬೆಳೆದ, ಈಗ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿ ಮಾಡುವ ಮೂವತ್ತರ ಹೆಂಗಸೊಬ್ಬಳು ನರ್ಸಿಂಗ್ ಶಿಕ್ಷಣಕ್ಕೆ ಬೇಕಾದ ಸಂಖ್ಯಾಶಾಸ್ತ್ರದ ಪಾಠವನ್ನು ಆನ್‌ಲೈನಿನಲ್ಲಿ ತೆಗೆದುಕೊಂಡಿದ್ದಾಳೆ. ಅವಳ ಮನೆಯಲ್ಲಿ ಕಾಲೇಜಿನ ಮುಖ ಕಂಡವರಲ್ಲಿ ಅವಳೇ ಮೊದಲಿಗಳು. ಎರಡನೆಯ ವಾರದ ಕಿರುಪರೀಕ್ಷೆ ತೆರೆದುಕೊಳ್ಳುತ್ತಿಲ್ಲ. ಗಡುವಿಗೆ ಇನ್ನೊಂದು ಗಂಟೆಯಿದೆ. ಅವಳು ಸಹಾಯವಾಣಿಗೆ ಕರೆಮಾಡಿ, ಪಾಸ್‌ವರ್ಡ್ ಕೆಲಸ ಮಾಡುತ್ತಿಲ್ಲವೆನ್ನುತ್ತಾಳೆ. ಆ ತುದಿಯಲ್ಲಿರುವವನು ಅನುಭವಸ್ಥನಾಗಿದ್ದರೆ ಎರಡು ಪ್ರಶ್ನೆಗಳಲ್ಲಿ ತಿಳಿದುಕೊಳ್ಳುತ್ತಾನೆ: ತೊಡಕು ಪಾಸ್‌ವರ್ಡಿನಲ್ಲಿಲ್ಲ, ಅವಳು ಮೊದಲನೆಯ ವಾರದ ಪಾಠವನ್ನು ಮುಗಿಸಿಲ್ಲ, ಮುಗಿಸದೆ ಎರಡನೆಯದು ತೆರೆಯದು, ಮುಗಿಸದಿರುವುದಕ್ಕೆ ಕಾರಣ, ಮೊದಲ ಪಾಠದ ಮೂರನೆಯ ಪುಟದಲ್ಲಿ ಅರ್ಥವಾಗದ ಒಂದು ಸೂತ್ರ ಬಂದು ಅವಳು ಹೆದರಿ ಪುಸ್ತಕ ಮುಚ್ಚಿದ್ದಾಳೆ, ಹೆದರಿದ್ದೇನೆಂದು ಹೇಳಿಕೊಳ್ಳಲು ನಾಚಿಕೆಯಾಗಿ ಪಾಸ್‌ವರ್ಡಿನ ಮೇಲೆ ತಪ್ಪು ಹೊರಿಸಿದ್ದಾಳೆ. ಅವನು ಅವಳನ್ನು ಪಾಠ ಹೇಳಿಕೊಡುವ ಸಹಾಯಕಿಯ ಬಳಿಗೆ ಕಳುಹಿಸುತ್ತಾನೆ; ಗಡುವನ್ನು ಒಂದು ದಿನ ಮುಂದಕ್ಕೆ ಹಾಕಲಾದೀತೆ ಎಂದು ಪ್ರಾಧ್ಯಾಪಕರಿಗೆ ಎರಡು ಸಾಲು ಬರೆಯುತ್ತಾನೆ. ಅವಳು ಪಾಠದಲ್ಲಿ ಉಳಿಯುತ್ತಾಳೆ. ಕಾಲೇಜಿನ ದಫ್ತರದಲ್ಲಿ ಮಾತ್ರ ಆ ರಾತ್ರಿಯ ಸಂಗತಿಯು ‘ಪಾಸ್‌ವರ್ಡ್ ವಿಚಾರಣೆ, ಒಂದು, ಇತ್ಯರ್ಥ’ ಎಂದು ದಾಖಲಾಗುತ್ತದೆ.

ಈ ವಿಧವಾದ ಕೆಲಸದ ಸ್ವಭಾವವನ್ನು ಕುರಿತು ಸ್ವಲ್ಪ ನಿಧಾನಿಸಿ ಆಲೋಚಿಸಬೇಕು. ಪ್ರಾಧ್ಯಾಪಕನು ಚೆನ್ನಾಗಿ ಪಾಠ ಹೇಳಿದರೆ ಅದಕ್ಕೆ ಸಾಕ್ಷಿಗಳಿರುತ್ತಾರೆ. ಗ್ರಂಥ ಬರೆದರೆ ಅದು ಕಪಾಟಿನಲ್ಲಿ ನಿಲ್ಲುತ್ತದೆ. ಸಹಾಯಕನು ಚೆನ್ನಾಗಿ ಕೆಲಸ ಮಾಡಿದರೆ ಉಂಟಾಗುವ ಫಲವಾದರೋ, ಆಗಬಹುದಾಗಿದ್ದ ಒಂದು ನಷ್ಟವು ಆಗದೆ ಹೋದುದು. ಬಿಟ್ಟುಹೋಗದ ವಿದ್ಯಾರ್ಥಿನಿಗೂ, ಬಿಟ್ಟುಹೋಗುವ ಯೋಚನೆಯೇ ಇಲ್ಲದಿದ್ದ ವಿದ್ಯಾರ್ಥಿನಿಗೂ ಹಾಜರಿಪಟ್ಟಿಯಲ್ಲಿ ಭೇದವಿಲ್ಲ. ಹಾಗಾಗಿ ಇಂತಹವರನ್ನು ಗೌರವಿಸಬೇಕೆಂಬ ಸದಿಚ್ಛೆಯುಳ್ಳ ಅಧಿಕಾರಿಗೂ ಏನನ್ನು ಗೌರವಿಸಬೇಕೆಂಬುದು ಕಣ್ಣಿಗೆ ಬೀಳುವುದು ಕಷ್ಟ. ಕೊನೆಗೆ ಅವನು ಕಣ್ಣಿಗೆ ಬೀಳುವ ಗುಣಗಳನ್ನೇ ಹೊಗಳುತ್ತಾನೆ: ಸಮಯಪಾಲನೆ, ನಗುಮುಖ, ದೀರ್ಘಸೇವೆ.

ನಮ್ಮ ನಾಡಿನಲ್ಲಿಯೂ ಅಂಚೆ ಮತ್ತು ತೆರಪಿನ ಶಿಕ್ಷಣವೆಂಬುದು ಅರ್ಧಶತಮಾನಕ್ಕೂ ಹಳೆಯದು. ಹಲವು ವರ್ಷಗಳ ಹಿಂದೆ ಅಂತಹ ಶಿಕ್ಷಣ ಕೊಡುತ್ತಿದ್ದ ಸಂಸ್ಥೆಯೊಂದರಲ್ಲಿ ನಾನು ಉತ್ತರಪತ್ರಿಕೆಗಳನ್ನು ತಿದ್ದಿಕೊಡುತ್ತಿದ್ದೆ. ಪಾಠಗಳ ಕಟ್ಟುಗಳನ್ನು ಅಂಚೆಗೆ ಹಾಕುವುದು ಅಲ್ಲಿಯ ಗುಮಾಸ್ತರೊಬ್ಬರ ಕೆಲಸವಾಗಿತ್ತು. ಎರಡು ಕಂತು ಉತ್ತರ ಬಾರದೆ ಹೋದ ವಿದ್ಯಾರ್ಥಿಗೆ ಅವರು ಒಂದು ಕಾರ್ಡು ಬರೆಯುವರು: ‘ತಮ್ಮ ಉತ್ತರ ಬಂದಿಲ್ಲ. ಆರೋಗ್ಯವಷ್ಟೆ? ತಡವಾದರೂ ಚಿಂತೆಯಿಲ್ಲ, ಕಳುಹಿಸಿ.’ ಯಾರೂ ಅವರಿಗೆ ಹೀಗೆ ಮಾಡೆಂದು ಹೇಳಿರಲಿಲ್ಲ. ಕಾರ್ಡಿನ ಕಾಸು ಬಹುಶಃ ಅವರ ಜೇಬಿನದೇ. ಸಂಪರ್ಕ ತರಗತಿಗೆ ಬಂದ ಒಬ್ಬ ರೈತಯುವಕನು, ಪಾಠ ಬಿಟ್ಟೇಬಿಡಬೇಕೆಂದಿದ್ದವನು, ಆ ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದು ತೋರಿಸಿದ್ದು ನನಗೆ ಇನ್ನೂ ನೆನಪಿದೆ. ಆ ಗುಮಾಸ್ತರು ನಿವೃತ್ತರಾದ ದಿನ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಗೌರವಿಸಿದರು. ನಾಲ್ವರು ಮಾತನಾಡಿದರು, ಇಪ್ಪತ್ತೆಂಟು ವರ್ಷ ಒಂದು ದಿನವೂ ತಡವಾಗಿ ಬರಲಿಲ್ಲವೆಂದು ಎಲ್ಲರೂ ಹೊಗಳಿದರು. ಕಾರ್ಡುಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ ಎಂಬ ಪಶ್ಚಾತ್ತಾಪವು ನನ್ನನ್ನು ಈ ವಿಷಯಕ್ಕೆ ಕರೆತಂದಿತೆಂದು ಹೇಳಿದರೆ ತಪ್ಪಾಗದು.

ಕ್ಯಾಲಿಫೋರ್ನಿಯದ ಕಾಲೇಜುಗಳು ತಮ್ಮ ನೌಕರರನ್ನು ನೆನೆಯುವುದಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಅಲ್ಲಿ ಬೋಧಕರಲ್ಲದವರನ್ನು ‘ಕ್ಲಾಸಿಫೈಡ್’ ನೌಕರರೆಂದು ಕರೆಯುವ ವಾಡಿಕೆಯುಂಟು. ಮೇ ತಿಂಗಳ ಮೂರನೆಯ ಪೂರ್ಣ ವಾರವನ್ನು ಅವರ ಗೌರವಾರ್ಥವಾಗಿ ಮೀಸಲಿಡುವ ಪದ್ಧತಿಯನ್ನು ರಾಜ್ಯದ ಶಾಸನಸಭೆಯೇ 1986ರಲ್ಲಿ ಅಂಗೀಕರಿಸಿತು. ಆ ವಾರ ಉಪಾಹಾರ, ಪ್ರಶಸ್ತಿಪತ್ರ, ಭಾಷಣಗಳಿರುತ್ತವೆ. ರಾಜ್ಯದ ಕಾಲೇಜುಗಳ ಆಡಳಿತ ಮಂಡಳಿಯು ವರ್ಷದ ಶ್ರೇಷ್ಠ ಕ್ಲಾಸಿಫೈಡ್ ನೌಕರರನ್ನು ಆರಿಸಿ ಪುರಸ್ಕರಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಆ ನೌಕರರು ತಮ್ಮನ್ನು ‘ಕ್ಲಾಸಿಫೈಡ್ ಪ್ರೊಫೆಷನಲ್ಸ್’ ಎಂದು ಕರೆಯಬೇಕೆಂದು ಕೇಳಿ, ಅನೇಕ ಕಾಲೇಜುಗಳಲ್ಲಿ ಆ ಹೆಸರು ಬಳಕೆಗೆ ಬಂದಿದೆ. ಇವುಗಳಲ್ಲಿ ಯಾವುದನ್ನೂ ನಾನು ಹಗುರವಾಗಿ ಕಾಣಲಾರೆ. ಒಬ್ಬ ಮನುಷ್ಯನನ್ನು ಹತ್ತು ಜನರ ಮುಂದೆ ನಿಲ್ಲಿಸಿ ಅವನ ಹೆಸರು ಹೇಳಿದರೆ ಅವನ ಮನೆಯವರಿಗೆ ಆಗುವ ಸಂತೋಷ ನಿಜವಾದುದು. ಆದರೆ ಒಂದು ಸಂಸ್ಥೆಯು ತಾನು ಯಾರನ್ನು ನಿಜವಾಗಿ ಎಣಿಕೆಗೆ ತೆಗೆದುಕೊಳ್ಳುತ್ತದೆಂಬುದನ್ನು ತಿಳಿಯಬೇಕಾದರೆ ಅದರ ಸಮಾರಂಭಗಳನ್ನು ನೋಡುವುದಕ್ಕಿಂತ ಅದರ ಲೆಕ್ಕದ ಪುಸ್ತಕವನ್ನು ನೋಡಬೇಕು.

ಆ ಲೆಕ್ಕದ ಪುಸ್ತಕದಲ್ಲಿ 1961ರಿಂದ ಒಂದು ಕಟ್ಟಳೆಯಿದೆ. ಜನರು ಅದನ್ನು ‘ಫಿಫ್ಟಿ ಪರ್ಸೆಂಟ್ ಲಾ’, ಎಂದರೆ ಶೇಕಡ ಐವತ್ತರ ಕಾಯಿದೆ, ಎಂದೇ ಕರೆಯುತ್ತಾರೆ. ಪ್ರತಿಯೊಂದು ಕಾಲೇಜು ಜಿಲ್ಲೆಯೂ ಶಿಕ್ಷಣದ ಚಾಲ್ತಿ ವೆಚ್ಚದಲ್ಲಿ ಕನಿಷ್ಠಪಕ್ಷ ಅರ್ಧವನ್ನು ತರಗತಿಯ ಬೋಧಕರ ವೇತನಕ್ಕೆ ವಿನಿಯೋಗಿಸತಕ್ಕದ್ದೆಂಬುದು ಅದರ ತಾತ್ಪರ್ಯ. ಕಾಯಿದೆಯ ಹಿಂದಿನ ಉದ್ದೇಶ ಸಾಧುವಾದುದೇ. ಅಧಿಕಾರಿವರ್ಗದ ಸಂಬಳ ಸಾರಿಗೆಗಳು ಬೆಳೆಬೆಳೆದು ಪಾಠದ ಹಣವನ್ನು ನುಂಗದಿರಲಿ, ಒಂದೊಂದು ತರಗತಿಯಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಮಿತಿಮೀರದಿರಲಿ ಎಂಬುದು. ಆದರೆ ಈ ಅರ್ಧಾರ್ಧ ವಿಭಾಗದಲ್ಲಿ ಯಾರು ಯಾವ ಕಡೆಗೆ ಬಿದ್ದರೆಂಬುದನ್ನು ಗಮನಿಸಬೇಕು. ವಿದ್ಯಾರ್ಥಿಗೆ ದಾರಿ ತೋರುವ ಸಲಹೆಗಾರನೂ ಗ್ರಂಥಪಾಲಕನೂ ಪ್ರಾಧ್ಯಾಪಕರ ಸಾಲಿನಲ್ಲಿಯೇ ನೇಮಕವಾದವರಾದರೂ ಅವರ ವೇತನವು ಪಾಠದ ಅರ್ಧದಲ್ಲಿ ಸೇರದೆ ಆಚೆಯ ಅರ್ಧಕ್ಕೆ, ಕಚೇರಿಯ ಪೀಠೋಪಕರಣ ವಿದ್ಯುಚ್ಛಕ್ತಿಗಳ ವೆಚ್ಚದ ಜೊತೆಗೆ, ಹೋಗಿ ಸೇರುತ್ತದೆ. ಆನ್‌ಲೈನ್ ಪಾಠವನ್ನು ಪ್ರಾಧ್ಯಾಪಕನ ಜೊತೆ ಕುಳಿತು ರೂಪಿಸುವ ವಿನ್ಯಾಸಕಾರ್ತಿಯ ಸಂಬಳವೂ ಅಲ್ಲಿಯೇ. ರಾತ್ರಿ ಹತ್ತರ ಸಹಾಯವಾಣಿಯೂ ಅಲ್ಲಿಯೇ. ಕಾಲೇಜು ಇನ್ನೊಬ್ಬ ಸಲಹೆಗಾರನನ್ನು ನೇಮಿಸಿಕೊಂಡರೆ ಕಾಯಿದೆಯ ದೃಷ್ಟಿಯಲ್ಲಿ ಅದು ಪಾಠದ ಪಾಲನ್ನು ಕುಗ್ಗಿಸಿದಂತೆ.

1961ರಲ್ಲಿ ಕಾಯಿದೆ ಬರೆದವರಿಗೆ ಪಾಠವೆಂದರೆ ಕೊಠಡಿ. ಅವರನ್ನು ದೂಷಿಸಲಾಗದು. ದೂಷಣಾರ್ಹವಾದುದು ನಮ್ಮ ಕಾಲದ ಔದಾಸೀನ್ಯ. ಕೊಠಡಿಯು ಕರಗಿ ಅದರ ಕೆಲಸವು ಹತ್ತು ಕೈಗಳಿಗೆ ಹಂಚಿಹೋದ ಮೇಲೂ ಒಂದು ಕೈಯನ್ನು ಮಾತ್ರ ಬೋಧನೆಯೆಂದು ಎಣಿಸುತ್ತಿರುವ ಔದಾಸೀನ್ಯ. ಅಮೆರಿಕದ ಕೇಂದ್ರ ಸರ್ಕಾರದ ನಿಯಮವು ಇನ್ನೊಂದು ಕಡೆಯಿಂದ ಇದನ್ನೇ ಬಿಗಿಮಾಡುತ್ತದೆ. ಬೋಧಕನಿಗೂ ವಿದ್ಯಾರ್ಥಿಗಳಿಗೂ ನಡುವೆ ಕ್ರಮವರಿತ, ಸತ್ತ್ವಯುತವಾದ ಸಂವಾದ ನಡೆಯದಿದ್ದರೆ ಆ ಪಾಠವನ್ನು ದೂರಶಿಕ್ಷಣವೆನ್ನದೆ ಬರಿಯ ಅಂಚೆ ಶಿಕ್ಷಣವೆಂದು ಪರಿಗಣಿಸಲಾಗುತ್ತದೆ, ವಿದ್ಯಾರ್ಥಿಗಳಿಗೆ ದೊರೆಯತಕ್ಕ ಧನಸಹಾಯಕ್ಕೆ ಕುತ್ತು ಬರುತ್ತದೆ. ಸಂವಾದವೇ ಪಾಠದ ಜೀವವೆಂದು ಸರ್ಕಾರವು ಒಪ್ಪಿಕೊಂಡಿರುವುದು ಸಂತೋಷದ ಸಂಗತಿ. ಆದರೆ ಸಹಾಯಕಿಯು ಒಂದೂವರೆ ಗಂಟೆ ಕುಳಿತು ಸಂಖ್ಯಾಶಾಸ್ತ್ರದ ಸೂತ್ರವನ್ನು ಬಿಡಿಸಿ ಹೇಳಿದ್ದು ಈ ಸಂವಾದದ ಲೆಕ್ಕಕ್ಕೆ ಬಾರದು.

ಸಂವಾದದ ಮಹತ್ತ್ವವನ್ನು ನಾನು ಊಹೆಯ ಮೇಲೆ ಹೇಳುತ್ತಿಲ್ಲ. 2014ರಲ್ಲಿ ಕ್ಯಾಲಿಫೋರ್ನಿಯದ ಸಾರ್ವಜನಿಕ ನೀತಿ ಸಂಸ್ಥೆಯು ಪ್ರಕಟಿಸಿದ ವರದಿಯೊಂದು, ಒಂದೇ ಬಗೆಯ ವಿದ್ಯಾರ್ಥಿಗಳನ್ನು ಹೋಲಿಸಿ ನೋಡಿದಾಗ ಆನ್‌ಲೈನ್ ಪಾಠಗಳಲ್ಲಿ ಉತ್ತೀರ್ಣರಾಗುವವರ ಪ್ರಮಾಣವು ಕೊಠಡಿಯ ಪಾಠಗಳಿಗಿಂತ ಶೇಕಡ ಹತ್ತಕ್ಕೂ ಹೆಚ್ಚು ಅಂಶ ಕಡಿಮೆಯೆಂದು ತೋರಿಸಿತು; ಹೀಗಿದ್ದರೂ ಅಲ್ಲೊಂದು ಇಲ್ಲೊಂದು ಪಾಠವನ್ನಾದರೂ ಆನ್‌ಲೈನಿನಲ್ಲಿ ತೆಗೆದುಕೊಂಡವರು ದೀರ್ಘಕಾಲದಲ್ಲಿ ಪದವಿಪತ್ರ ಪಡೆಯುವ ಸಂಭವ ಹೆಚ್ಚೆಂದೂ ಹೇಳಿತು. ಕಾರಣ ಸುಲಭಗ್ರಾಹ್ಯ: ಕೆಲಸ, ಮಕ್ಕಳು, ಮುದುಕರಾದ ತಾಯಿತಂದೆ ಇವರ ನಡುವೆ ಕಲಿಯುವವನಿಗೆ ಆನ್‌ಲೈನ್ ಪಾಠವೊಂದೇ ತೆರೆದಿರುವ ದಾರಿ, ಮತ್ತು ಆ ದಾರಿಯಲ್ಲಿಯೇ ಎಡವುವ ಭಯವೂ ಹೆಚ್ಚು. ಕೊಲಂಬಿಯ ವಿಶ್ವವಿದ್ಯಾನಿಲಯದ ಕಮ್ಯುನಿಟಿ ಕಾಲೇಜು ಸಂಶೋಧನ ಕೇಂದ್ರದ ಷಾನಾ ಜ್ಯಾಗರ್ಸ್ ಮತ್ತು ಡಿ ಷೂ ಇವರು ವಾಷಿಂಗ್‌ಟನ್ ರಾಜ್ಯದ ವಿದ್ಯಾರ್ಥಿಗಳ ದಾಖಲೆಗಳನ್ನು ಶೋಧಿಸಿ, ಮೊದಲೇ ಹಿಂದುಳಿದವರು ಆನ್‌ಲೈನಿನಲ್ಲಿ ಮತ್ತಷ್ಟು ಹಿಂದುಳಿಯುತ್ತಾರೆಂದು ಕಂಡರು. ಅವರೇ ಎರಡು ಕಾಲೇಜುಗಳ 23 ಆನ್‌ಲೈನ್ ಪಾಠಗಳನ್ನು ಒರೆಗೆ ಹಚ್ಚಿದಾಗ, ಪಾಠದ ಅಚ್ಚುಕಟ್ಟು, ಗುರಿಗಳ ಸ್ಪಷ್ಟತೆ, ತಂತ್ರಜ್ಞಾನದ ಬಳಕೆ, ಮನುಷ್ಯ ಮನುಷ್ಯರ ಸಂಪರ್ಕ ಈ ನಾಲ್ಕರಲ್ಲಿ ವಿದ್ಯಾರ್ಥಿಗಳ ಅಂಕಗಳೊಡನೆ ಸಂಬಂಧವಿದ್ದುದು ಕೊನೆಯದಕ್ಕೆ ಮಾತ್ರ. ಅವರು ಮುಖ್ಯವಾಗಿ ನೋಡಿದ್ದು ಬೋಧಕನ ಸಂಪರ್ಕವನ್ನು ಎಂಬುದನ್ನು ನಾನು ಮರೆಮಾಚುವುದಿಲ್ಲ. ಆದರೆ ಆ ಬೋಧಕನು ಯಾರೆಂಬುದನ್ನೂ ನೋಡಬೇಡವೆ?

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ಪಾಠ ಹೇಳುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅರೆಕಾಲಿಕರು. ಕ್ಯಾಲಿಫೋರ್ನಿಯದಲ್ಲಿ ಅವರಿಗೆ ಒಂದು ಜಿಲ್ಲೆಯಲ್ಲಿ ಪೂರ್ಣ ಹೊರೆಯ ಶೇಕಡ 67ಕ್ಕಿಂತ ಹೆಚ್ಚು ಪಾಠ ಕೊಡುವಂತಿಲ್ಲ. ಹಾಗಾಗಿ ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದೆಂದು ಓಡಾಡುವ ಇವರಿಗೆ ‘ಫ್ರೀವೇ ಫ್ಲೈಯರ್ಸ್’, ಎಂದರೆ ಹೆದ್ದಾರಿಯಲ್ಲಿ ಹಾರಾಡುವವರು, ಎಂಬ ಹೆಸರು ಬಿದ್ದಿದೆ. ವಿದ್ಯಾರ್ಥಿಗಳೊಡನೆ ಮಾತನಾಡಲು ಮೀಸಲಿಡಬೇಕಾದ ವೇಳೆಗೆ ಅವರಿಗೆ ಎಲ್ಲ ಕಡೆಯಲ್ಲಿಯೂ ಸಂಬಳ ಸಿಗುವುದಿಲ್ಲ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ‘ಅತಿಥಿ ಉಪನ್ಯಾಸಕರು’ ಎಂದು ಕರೆಯಿಸಿಕೊಂಡು, ಎಷ್ಟೋ ವರ್ಷ ಅತಿಥಿಗಳಾಗಿಯೇ ಉಳಿದವರನ್ನು ಬಲ್ಲ ಕನ್ನಡಿಗರಿಗೆ ಈ ಸ್ಥಿತಿಯನ್ನು ವಿವರಿಸಬೇಕಾದುದಿಲ್ಲ. ಹೀಗಿರಲಾಗಿ ಸಂಪರ್ಕದ ಭಾರವು ಯಾರ ಹೆಗಲಿಗೆ ಜಾರುತ್ತದೆ? ಸದಾ ಅಲ್ಲಿಯೇ ಇರುವವರ ಹೆಗಲಿಗೆ: ಗ್ರಂಥಾಲಯದವರಿಗೆ, ಸಹಾಯವಾಣಿಯವರಿಗೆ, ಸಲಹೆಗಾರರಿಗೆ.

ಅವರ ಹೆಗಲಾದರೂ ಎಷ್ಟನ್ನು ಹೊತ್ತೀತು? ಈ ಪ್ರಶ್ನೆಗೆ ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯವು 2007ರಲ್ಲಿ ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ ಆರಂಭಿಸಿದ ‘ಎಸ್ಯಾಪ್’ ಎಂಬ ಯೋಜನೆಯು ಉತ್ತರ ಕೊಟ್ಟಿದೆ. ಅದು ಆನ್‌ಲೈನ್ ಶಿಕ್ಷಣದ ಯೋಜನೆಯಲ್ಲ, ನಿಜ. ಆದರೂ ಅದರ ಪಾಠ ಇಲ್ಲಿಗೆ ಸಲ್ಲುತ್ತದೆ. ಸಾಮಾನ್ಯ ವಿದ್ಯಾರ್ಥಿಗಳ ವಿಷಯದಲ್ಲಿ ಒಬ್ಬ ಸಲಹೆಗಾರನ ಪಾಲಿಗೆ 600ರಿಂದ 1,500 ಮಂದಿ ಬೀಳುತ್ತಿದ್ದರೆ, ಈ ಯೋಜನೆಯಲ್ಲಿ 60ರಿಂದ 80 ಮಂದಿಯನ್ನು ಮಾತ್ರ ಒಬ್ಬನಿಗೆ ಒಪ್ಪಿಸಿದರು; ಜೊತೆಗೆ ಪುಸ್ತಕ, ಸಾರಿಗೆ, ಪಾಠದ ನೆರವುಗಳನ್ನು ಕೂಡಿಸಿದರು. ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ಮೂರು ವರ್ಷಗಳಲ್ಲಿ ಪದವಿ ಮುಗಿಸಿದವರು ಯೋಜನೆಯ ಗುಂಪಿನಲ್ಲಿ ಶೇಕಡ 40, ಇನ್ನೊಂದರಲ್ಲಿ ಶೇಕಡ 22. ಸಲಹೆಗಾರನೊಬ್ಬನೇ ಇದನ್ನು ಸಾಧಿಸಿದನೆಂದು ನಾನು ವಾದಿಸುವುದಿಲ್ಲ. ಆದರೆ ಒಂದು ಸಾವಿರ ಜನರಿಗೆ ಒಬ್ಬನಾದವನು ಯಾರ ಮೌನವನ್ನೂ ಗಮನಿಸಲಾರ. ಎಪ್ಪತ್ತು ಜನರಿಗೆ ಒಬ್ಬನಾದವನು ಗಮನಿಸಬಲ್ಲ. ನನ್ನ ಗುಮಾಸ್ತರ ಕಾರ್ಡು ಹುಟ್ಟಿದ್ದು ಇಂತಹ ಗಮನದಿಂದಲೇ. ನೌಕರನಿಗೆ ಸಲ್ಲಿಸಬಹುದಾದ ಗೌರವಗಳಲ್ಲಿ ಮೊದಲನೆಯದು, ಅವನ ಕೆಲಸವನ್ನು ಚೆನ್ನಾಗಿ ಮಾಡಲು ಅವನಿಗೆ ಸಾಧ್ಯವಾಗುವಷ್ಟು ಹೊರೆಯನ್ನು ಮಾತ್ರ ಹೊರಿಸುವುದೆಂದು ನಾನು ತಿಳಿದಿದ್ದೇನೆ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಗಂಭೀರವಾದುದು. ಶೇಕಡ ಐವತ್ತರ ಗೆರೆಯನ್ನು ಸಡಿಲಿಸಿದರೆ ಆ ಬಿರುಕಿನಲ್ಲಿ ಸಲಹೆಗಾರರೂ ಗ್ರಂಥಪಾಲಕರೂ ಮಾತ್ರವೇ ಬಾರದೆ, ಉಪಾಧ್ಯಕ್ಷರು, ನಿರ್ದೇಶಕರು, ಸಹನಿರ್ದೇಶಕರೆಂಬ ಪದವೀಧಾರಿಗಳೂ ನುಸುಳಿಬಂದು ಪ್ರಾಧ್ಯಾಪಕರ ಪಾಲನ್ನು ಕಬಳಿಸಿಯಾರೆಂಬ ಭಯ ಅಲ್ಲಿಯ ಅಧ್ಯಾಪಕ ಸಂಘಗಳಿಗಿದೆ. ಆ ಭಯ ನಿರಾಧಾರವಲ್ಲ. ಆದರೆ ಕಾಯಿದೆಯನ್ನು ಕಿತ್ತೊಗೆಯಬೇಕೆಂಬುದು ನನ್ನ ವಾದವಲ್ಲ. ಗೆರೆ ಇರಲಿ, ಅದನ್ನು ಸರಿಯಾದ ಸ್ಥಳದಲ್ಲಿ ಎಳೆಯೋಣ. ವಿದ್ಯಾರ್ಥಿಯ ದನಿಯನ್ನು ನೇರವಾಗಿ ಕೇಳುವವನು, ಅವನ ಬರೆಹವನ್ನು ನೇರವಾಗಿ ಓದುವವನು, ಅವನ ಕಲಿಕೆಗೆ ನೇರವಾಗಿ ಕೈಗೊಡುವವನು ಪಾಠದ ಅರ್ಧದಲ್ಲಿರಲಿ. ಉಳಿದವರು ಎಷ್ಟೇ ಎತ್ತರದ ಕುರ್ಚಿಯಲ್ಲಿದ್ದರೂ ಆಚೆಯ ಅರ್ಧದಲ್ಲಿರಲಿ. ಎಣಿಕೆಗೆ ಹೆಚ್ಚು ಜನ ಸೇರುವುದರಿಂದ ಶೇಕಡಾವಾರನ್ನೂ ಅದಕ್ಕೆ ತಕ್ಕಂತೆ ಏರಿಸಿದರೆ ಪ್ರಾಧ್ಯಾಪಕನಿಗೆ ನಷ್ಟವಿಲ್ಲ.

ಹೀಗೆ ಎಣಿಸುವುದು ಹೊಸ ಕಾಲದ ಹುಚ್ಚು ಕಲ್ಪನೆಯೆಂದು ಯಾರಾದರೂ ಹೇಳಿದರೆ, ಅವರಿಗೆ ನಮ್ಮ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯ ಕಲ್ಲನ್ನು ತೋರಿಸಬೇಕೆನಿಸುತ್ತದೆ. 1058ರ ಆ ಶಾಸನವು, ಕಲ್ಯಾಣದ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ ಮಧುಸೂದನನೆಂಬ ದಂಡನಾಯಕನು ಕಟ್ಟಿಸಿದ ಘಟಿಕಾಸ್ಥಾನದ ವ್ಯವಸ್ಥೆಯನ್ನು ವಿವರಿಸುವಾಗ, ವೇದಶಾಸ್ತ್ರಗಳ ಉಪಾಧ್ಯಾಯರಿಗೆ ಜೀವಿತವನ್ನು ಗೊತ್ತುಮಾಡಿ ಅಲ್ಲಿಗೆ ನಿಲ್ಲಲಿಲ್ಲ. ಪುಸ್ತಕ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಜೀವಿತವನ್ನು ಗೊತ್ತುಮಾಡಿತು. ಓಲೆಗರಿಗಳನ್ನು ಕಾಪಾಡಿ, ಬೇಕಾದುದನ್ನು ಹುಡುಕಿ, ವಟುವಿನ ಕೈಗಿಡುವವನು ವಿದ್ಯಾದಾನದಲ್ಲಿ ಪಾಲುಗಾರನೆಂಬುದು ಆ ದಂಡನಾಯಕನಿಗೆ ಸ್ವತಸ್ಸಿದ್ಧವಾಗಿದ್ದಿರಬೇಕು. ಆಮೇಲಿನ ಕಾಲದ ಹೊಯ್ಸಳರ ಗುಡಿಗಳಿಗೆ ಬನ್ನಿ: ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ತಾವು ಕಡೆದ ಶಿಲ್ಪದ ಬುಡದಲ್ಲಿಯೇ ತಮ್ಮ ಹೆಸರು ಕೊರೆದಿದ್ದಾರೆ. ಆ ಹೆಸರು ವರ್ಷಕ್ಕೊಮ್ಮೆ ಕರೆದು ಹೇಳುವುದಲ್ಲ. ಶಿಲ್ಪವನ್ನು ನೋಡುವವನ ಕಣ್ಣಿಗೆ ಶಿಲ್ಪದ ಜೊತೆಗೇ ಬೀಳುತ್ತದೆ. ಆನ್‌ಲೈನ್ ಪಾಠದ ಮೊದಲ ಪುಟದಲ್ಲಿ ಪ್ರಾಧ್ಯಾಪಕನ ಹೆಸರಿನ ಕೆಳಗೆ, ಅದನ್ನು ವಿನ್ಯಾಸಗೊಳಿಸಿದವಳ ಹೆಸರು, ಕಿವಿ ಕೇಳದವರಿಗಾಗಿ ಚಿತ್ರಪಾಠಕ್ಕೆ ಅಕ್ಷರ ಕೂಡಿಸಿದವನ ಹೆಸರು, ಈ ಪಾಠಕ್ಕೆಂದು ನಿಯತವಾದ ಗ್ರಂಥಪಾಲಕ ಮತ್ತು ಸಹಾಯಕರ ಹೆಸರು ಇರುವುದಕ್ಕೆ ಯಾವ ಕಾಯಿದೆಯೂ ಅಡ್ಡಿಯಿಲ್ಲ, ಒಂದು ಕಾಸಿನ ಖರ್ಚೂ ಇಲ್ಲ. ವಿದ್ಯಾರ್ಥಿಗಾದರೂ ಅದರಿಂದ ಪ್ರಯೋಜನವುಂಟು. ‘ಸಹಾಯವಾಣಿ’ ಎಂಬ ಅನಾಮಿಕ ಬಾಗಿಲನ್ನು ತಟ್ಟಲು ಅಂಜುವವನು ಹೆಸರಿರುವ ಮನುಷ್ಯನಿಗೆ ಬರೆಯಲು ಅಷ್ಟಾಗಿ ಅಂಜಲಾರ.

ಈ ಸಹಾಯವನ್ನೆಲ್ಲ ಇನ್ನು ಮುಂದೆ ಯಂತ್ರವೇ ಮಾಡುತ್ತದೆ, ಹಗಲಿರುಳೂ ಎಚ್ಚರವಾಗಿರುತ್ತದೆ, ದಣಿಯುವುದಿಲ್ಲ, ಎನ್ನುವವರಿದ್ದಾರೆ. ಪಾಸ್‌ವರ್ಡ್ ಬದಲಾಯಿಸುವ ಕೆಲಸವನ್ನು ಯಂತ್ರ ಮಾಡಲಿ, ಸಂತೋಷ. ಆದರೆ ಫ್ರೆಸ್ನೋದ ಆ ಹೆಂಗಸು ಪಾಸ್‌ವರ್ಡ್ ಕೇಳಿದರೆ ಯಂತ್ರವು ಪಾಸ್‌ವರ್ಡನ್ನೇ ಕೊಟ್ಟೀತು. ಅವಳು ಕೇಳದೆ ಬಿಟ್ಟುದು ಏನೆಂಬುದನ್ನು ಅವಳ ದನಿಯ ತಡವರಿಕೆಯಲ್ಲಿ ಕಂಡು, ಪ್ರಾಧ್ಯಾಪಕರಿಗೆ ತನ್ನ ಹೊಣೆಯಲ್ಲಿ ಎರಡು ಸಾಲು ಬರೆದು, ಮರುವಾರ ಅವಳನ್ನು ನೆನೆದು ವಿಚಾರಿಸುವುದಕ್ಕೆ ಮನುಷ್ಯನೇ ಬೇಕೆಂದು ನಾನು ನಂಬಿದ್ದೇನೆ.

ಮಾತುಕತೆಯ ಮೇಜಿನ ಬಳಿ ಸ್ಥಾನವೂ ಗೌರವದ ಒಂದು ಅಂಗ. 1988ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆದ ಕಾಯಿದೆಯು ಕಾಲೇಜಿನ ಆಡಳಿತದಲ್ಲಿ ಪ್ರಾಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಜೊತೆಗೆ ಇತರ ನೌಕರರಿಗೂ ಪಾಲುಗೊಳ್ಳುವ ಅವಕಾಶ ಕೊಟ್ಟಿತು. ಅವಕಾಶವು ಕಾಗದದ ಮೇಲಿದೆ. ಆದರೆ ಮೂರು ಗಂಟೆಗೆ ಸಮಿತಿ ಸೇರುವಾಗ ಸಹಾಯವಾಣಿಯ ಮೇಜನ್ನು ಬಿಟ್ಟು ಬರಲು ಬದಲಿ ವ್ಯವಸ್ಥೆಯಿಲ್ಲದವನಿಗೆ ಆ ಅವಕಾಶದಿಂದ ಏನು ಲಾಭ? ಯಾವ ಪಾಠದ ಯಾವ ಪುಟದಲ್ಲಿ ವಿದ್ಯಾರ್ಥಿಗಳು ಎಡವುತ್ತಾರೆಂಬುದನ್ನು ಕಾಲೇಜಿನಲ್ಲಿ ಎಲ್ಲರಿಗಿಂತ ಮೊದಲು ತಿಳಿಯುವವನು ಅವನು. ಅವನ ಕುರ್ಚಿ ಬರಿದಾಗಿರುವ ಸಮಿತಿಯು ಆನ್‌ಲೈನ್ ಶಿಕ್ಷಣದ ಧೋರಣೆಯನ್ನು ನಿರ್ಣಯಿಸುವುದು, ರೋಗಿಯ ನಾಡಿ ಹಿಡಿದವನನ್ನು ಹೊರಗೆ ನಿಲ್ಲಿಸಿ ಔಷಧ ಬರೆದಂತೆ.

ಕ್ಯುಪರ್ಟಿನೋದಲ್ಲಿ ಡಿ ಆಂಝಾ ಕಾಲೇಜಿನ ಬೀದಿಯಲ್ಲಿ, ಫ್ರೀಮಾಂಟಿನಲ್ಲಿ ಒಹ್ಲೋನಿ ಕಾಲೇಜಿನ ನೆರೆಯಲ್ಲಿ ಇಂದು ಕನ್ನಡ ಕೇಳಿಬರುತ್ತದೆ. ಅಲ್ಲಿ ನೆಲೆಸಿದ ನಮ್ಮವರು ತಮ್ಮ ಮಕ್ಕಳನ್ನು ದೊಡ್ಡ ವಿಶ್ವವಿದ್ಯಾನಿಲಯಗಳಿಗೆ ಸಿದ್ಧಪಡಿಸುವುದರಲ್ಲಿ ತೋರುವ ಶ್ರದ್ಧೆ ಲೋಕವಿದಿತ; ಮನೆಯ ಪಕ್ಕದ ಕಮ್ಯುನಿಟಿ ಕಾಲೇಜನ್ನು ಅಷ್ಟು ಶ್ರದ್ಧೆಯಿಂದ ನೋಡಿದವರು ಕಡಿಮೆಯೆಂದು ನನಗೆ ಅನಿಸುತ್ತದೆ. ಆ ಕಾಲೇಜುಗಳನ್ನು ಆಳುವ ಮಂಡಳಿಗಳು ಊರಿನ ಮತದಾರರು ಚುನಾಯಿಸಿದ ಮಂಡಳಿಗಳು. ಪೌರತ್ವ ಪಡೆದ ಕನ್ನಡಿಗರು ಆ ಮತದಾರರಲ್ಲಿದ್ದಾರೆ. ಮಂಡಳಿಯ ಉಮೇದುವಾರರು ನಿಮ್ಮ ಬಾಗಿಲಿಗೆ ಬಂದಾಗ ಎರಡು ಪ್ರಶ್ನೆ ಕೇಳಿರಿ: ನಿಮ್ಮ ಕಾಲೇಜಿನಲ್ಲಿ ಒಬ್ಬ ಸಲಹೆಗಾರನ ಪಾಲಿಗೆ ಎಷ್ಟು ಮಂದಿ ವಿದ್ಯಾರ್ಥಿಗಳಿದ್ದಾರೆ? ರಾತ್ರಿ ಹತ್ತು ಗಂಟೆಯಲ್ಲಿ ಕರೆಮಾಡಿದ ವಿದ್ಯಾರ್ಥಿಗೆ ಯಾರು ಓಗೊಡುತ್ತಾರೆ, ಮತ್ತು ಅವರ ಕೆಲಸವನ್ನು ಬೋಧನೆಯೆಂದು ಎಣಿಸಬೇಕೆಂದು ರಾಜ್ಯದ ಶಾಸನಸಭೆಗೆ ಬರೆಯಲು ನೀವು ಸಿದ್ಧರಿದ್ದೀರಾ?